ಬಲಗಾಲಿನ ಅಳತೆ

ಪವಾಡ ಹೇಳು ಅಂದರು ರೋಮಿನಿಂದ ಬಂದ ಗುಮಾಸ್ತರು,
ಗರಿಯನ್ನು ಮಸಿಯಲ್ಲಿ ಅದ್ದಿ ಹಿಡಿದು.
ನಾನು ಮೆಟ್ಟು ಹೊಲಿಯುವವನು, ಸ್ವಾಮಿ,
ನನಗೆ ಗೊತ್ತಿರುವುದು ಮೊಣಕಾಲಿನಿಂದ ಕೆಳಗೆ ಮಾತ್ರ.

ಓಡೆಲಾರ್ ಮೊದಲ ಸಲ ಅಂಗಡಿಗೆ ಬಂದಾಗ ಹತ್ತೊಂಬತ್ತರ ಹುಡುಗ,
ಮಠದ ಮಂದೆ ಕಾಯುವ ಮರಿ ಸನ್ಯಾಸಿ.
ಆರ್ಡೆನ್ ಕಾಡಿನ ಹಿಮದಲ್ಲಿ ಮೂರು ರಾತ್ರಿ
ತಪ್ಪಿಸಿಕೊಂಡ ಒಂದು ಆಡಿನ ಬೆನ್ನು ಹತ್ತಿ
ಬಲಗಾಲಿನ ಕಿರುಬೆರಳನ್ನು ಅಲ್ಲೇ ಬಿಟ್ಟು ಬಂದಿದ್ದ.
ಆಡು ಸಿಕ್ಕಿತೇ, ಎಂದೆ.
ಇಲ್ಲ, ಬೆರಳೂ ಸಿಗಲಿಲ್ಲ, ಎಂದು ನಕ್ಕ.

ಮೇಣ ಬಳಿದ ಹಲಗೆಯ ಮೇಲೆ ನಿಲ್ಲಿಸಿ ಅಳತೆ ತೆಗೆದೆ:
ನಾಲ್ಕು ಬೆರಳು, ಒಂದು ಖಾಲಿ ಜಾಗ.
ಆ ಖಾಲಿಗೆ ಉಣ್ಣೆ ತುಂಬಿ ಹೊಲಿದೆ
ಮೂವತ್ತೊಂದು ವರ್ಷ.

ಅಟ್ಟೆ ಸವೆದ ರೀತಿ ನೋಡಿದರೆ ಆಳು ಗೊತ್ತಾಗುತ್ತಾನೆ.
ದಂಡಾಳಿನದು ಹಿಮ್ಮಡಿ,
ಸನ್ಯಾಸಿಗಳದು ತುದಿ, ಮಂಡಿಯೂರಿ ಮಂಡಿಯೂರಿ.
ಈತನದು ಮಾತ್ರ ಎಡಗಾಲಿನ ಹೊರ ಅಂಚು.
ಯಾಕೆಂದು ಹೊಳೆದದ್ದು ತಡವಾಗಿ, ಸಂತೆಯ ದಾರಿಯಲ್ಲಿ ಕಂಡಾಗ:
ಎಡ ಹೆಗಲ ಮೇಲೆ ಯಾವಾಗಲೂ
ಯಾರದೋ ಮೂಟೆ.

ಬಿಷಪ್ ಆಗು ಅಂದಾಗ ರೊಟ್ಟಿಯೊಲೆಯ ಹಿಂದೆ ಅಡಗಿದ್ದನಂತೆ,
ಬೂದಿ ಮೆತ್ತಿದವನನ್ನೇ ಎಳೆದು ತಂದು ಕೂರಿಸಿದರಂತೆ.
ನಾನು ಕಂಡಿಲ್ಲ. ಬರೆಯಬೇಡಿ.
ಕಂಡದ್ದು ಇಷ್ಟು: ಮೇಕೆಮರಿಯ ಚರ್ಮ, ಮಂಜಿಷ್ಠದ ಕೆಂಪು, ಬಂಗಾರದ ದಾರ,
ಹನ್ನೊಂದು ದಿನದ ಕೆಲಸ.
ಈಸ್ಟರಿಗೆ ಒಪ್ಪಿಸಿದೆ.
ಪೆಂಟೆಕೋಸ್ಟಿನ ಹೊತ್ತಿಗೆ ಆ ಜೋಡು
ಮ್ಯೂಸ್ ಸೇತುವೆಯ ಭಿಕ್ಷುಕ ಬೊಸೋನ ಕಾಲಲ್ಲಿ!
ಸಿಟ್ಟು ನೆತ್ತಿಗೇರಿ ಅರಮನೆಗೇ ಹೋದೆ.
ಆತ ನನ್ನನ್ನು ಕೂರಿಸಿ, ನೀರು ಕೊಟ್ಟು ಹೇಳಿದ:
ಲಿಯೆಟಾರ್, ಅವನಿಗೆ ಐದೂ ಬೆರಳಿವೆ.
ನಿನ್ನ ಕೆಲಸ ಅಲ್ಲಿ ಪೂರ್ತಿ ತುಂಬುತ್ತದೆ.

ಸಾಧುವೇನಲ್ಲ, ಮುಂಗೋಪಿ.
ತೂಕದಲ್ಲಿ ಮೋಸ ಮಾಡಿದ ಗಿರಣಿಯವನಿಗೆ
ಬಿಷಪ್ಪನ ಕೋಲಿನಲ್ಲೇ ಬಾರಿಸಿದ್ದ ಒಮ್ಮೆ.
ಆಮೇಲೆ ಕ್ಷಮೆ ಕೇಳಲು ಅವನ ಹೊಸ್ತಿಲಲ್ಲಿ
ಇಡೀ ರಾತ್ರಿ ಮಳೆಗೆ ನಿಂತ.
ಒಳ್ಳೆಯ ಎತ್ತಿನ ಚರ್ಮ, ಬೆಳಗಾಗುವಷ್ಟರಲ್ಲಿ ಹಪ್ಪಳ.

ಜ್ವರದ ವರ್ಷ ಒಂದೇ ವಾರದಲ್ಲಿ ಬೊಸೋ ಹೋದ, ಆತ ಹೋದ.
ಬಡವರ ಹೊಲದಲ್ಲೇ ಹೂಳಿ ಅಂದಿದ್ದನಲ್ಲ,
ಹೂಳಿದರು, ಅಕ್ಕಪಕ್ಕ, ಸುಣ್ಣ ಸುರಿದು, ಅವಸರದಲ್ಲಿ.
ಹನ್ನೆರಡು ವರ್ಷ ಕಳೆದು ಮೇಲೆತ್ತುವಾಗ
ಗುರುತು ಬಲ್ಲವನು ಗೋರಿ ತೋಡುವ ಹೆಲಿನ್ ಒಬ್ಬನೇ,
ಅವನ ಎರಡೂ ಕಣ್ಣಿಗೆ ಪೊರೆ.
ಎಲುಬನ್ನು ವೈನಿನಲ್ಲಿ ತೊಳೆದರು.
ತಲೆ ದೊಡ್ಡ ಊರಿನ ಪಾಲಾಯಿತು, ಬಲಪಾದ ನಮ್ಮದು:
ಬೆಳ್ಳಿಯ ಕವಚ, ಮೇಲೊಂದು ಸ್ಫಟಿಕದ ಕಿಂಡಿ.

ಸಾಲಿನಲ್ಲಿ ನಿಂತೆ. ಬಾಗಿದೆ. ಮುತ್ತಿಡುವ ಮೊದಲು
ಕೈಚಳಕದವರ ಕೆಟ್ಟ ಚಾಳಿ, ಎಣಿಸಿದೆ.
ಐದು.
ಹಿಂದಿನವರು ತಳ್ಳುತ್ತಿದ್ದರು, ಇನ್ನೊಮ್ಮೆ ಎಣಿಸಿದೆ.
ಐದೇ.

ಅದೇ ಬೆಳ್ಳಿಯನ್ನು ಮುಟ್ಟಿ, ಹುಟ್ಟಾ ಮಾತಿಲ್ಲದ
ಮೀನುಗಾರ್ತಿಯ ಮಗು, ತಣ್ಣಗಿದೆ, ಅಂದಿತು.
ನನ್ನ ಕಿವಿಯಾರೆ ಕೇಳಿದ್ದೇನೆ.
ಸೇತುವೆಯ ಮೇಲೆ ಜನ ಒದ್ದು ದಾಟುತ್ತಿದ್ದ ಕಾಲಿಗೆ
ಈಗ ಕೌಂಟಿನ ಹೆಂಡತಿ ಹಣೆ ಹಚ್ಚುತ್ತಾಳೆ.
ಜೋಡು ಕೊಟ್ಟಿದ್ದವನು, ಪದವಿಯನ್ನೂ ಕೊಟ್ಟುಬಿಟ್ಟೆಯಾ ಮಹರಾಯ,
ಅಲ್ಲೆಲ್ಲೋ ಸುಣ್ಣದಲ್ಲಿ ಮಲಗಿ ನಗುತ್ತಿದ್ದೀಯಾ?

ಹಲಗೆ ಇನ್ನೂ ಗೋಡೆಗಿದೆ, ಚರ್ಮದ ಚೂರುಗಳ ಹಿಂದೆ.
ಗುಮಾಸ್ತರಿಗೆ ತೋರಿಸಲಿಲ್ಲ.
ಪವಾಡ ಗಿವಾಡ ನಾನೇನೂ ಕಂಡಿಲ್ಲ, ಎಂದೆ.
ಆತ ಒಣಗಿದ ಗರಿಯನ್ನು ತೋಳಿಗೆ ಒರೆಸಿಕೊಂಡು ಎದ್ದ.
ಹೊಸ್ತಿಲು ದಾಟುವಾಗ ಕಂಡಿತು,
ಎಡ ಬೂಟಿನ ಅಟ್ಟೆ ಬಾಯಿ ಬಿಟ್ಟಿದೆ,
ರೋಮಿನಿಂದ ಇಲ್ಲಿಯವರೆಗೆ ಕೆಸರು ತಿಂದಿದೆ.

ಕೂರಿ ಸ್ವಾಮಿ, ಎಂದೆ.
ಕಾಲು ಕೊಡಿ.