ಉಣ್ಣೆಮನೆಯ ಸಂದು

ಗೋಡೆಗೂ ಕಲ್ಲುಚಪ್ಪಡಿಗೂ ನಡುವೆ ಎರಡು ಬೆರಳ ಸಂದು.
ನನ್ನ ಕೈ ಹೋಗದು. ಅವು ಹೋಗುತ್ತವೆ,
ಬಾಗಿಲಡಿ ಅಂಚೆಯವನು ತಳ್ಳಿದ ಕಾಗದದಂತೆ.

ಚಳ್ಳಕೆರೆಯಿಂದ ಪರಶುರಾಂಪುರದ ಕಡೆ ಮೂರು ಮೈಲಿ,
ಹಿತ್ತಲಲ್ಲಿ ನಮ್ಮ ಉಣ್ಣೆಮನೆ.
ಒಳಗೆ ಕರಿ ಉಣ್ಣೆಯ ಪಿಂಡಿ, ಕಾಲಿಳಿಬಿಡುವ ಗುಂಡಿ,
ಗುಂಡಿಯ ಮೇಲೆ ಮಗ್ಗ, ಮಗ್ಗದ ಮೇಲೆ ಹಾಸು,
ಹಾಸಿನ ಮೇಲೆ, ಬೆಳಗಾದರೆ,
ಜೀರಿಗೆ ಚೆಲ್ಲಿದ ಹಾಗೆ ಬಾವಲಿಯ ಹಿಕ್ಕೆ.

ಹುಣಸೆಬೀಜದ ಸರಿ ಹಚ್ಚಿ ಒಣಗಿಸಿದ ನೂಲು
ಉಚ್ಚೆ ಬಿದ್ದಲ್ಲೆಲ್ಲ ಕರಗಿ ಜಾಳಾಯಿತು.
ಕಂಬಳಿ ಕೊಳ್ಳುವ ಸಣ್ಣೀರಪ್ಪ ಮೂಗಿಗೆ ಹಿಡಿದು ನೋಡಿ
ಮಡಚದೆಯೇ ವಾಪಸ್ಸು ಕೊಟ್ಟ.
ಆವತ್ತೇ ಅರ್ಧ ಮೂಟೆ ಸಿಮೆಂಟು ತಂದೆ.
ತಮ್ಮ ಜುಂಜಣ್ಣ ಅಂದ: ಮೊದಲು ಮೆಣಸಿನಕಾಯಿ ಹೊಗೆ ಹಾಕಾನ,
ಆಮೇಲೆ ಮೆತ್ತಾನ.

ಕಾಟಮ್ಮಜ್ಜಿ ಬಂದದ್ದು ಮಜ್ಜಿಗೆ ಕೇಳುವುದಕ್ಕೆ.
ಅರ್ಧ ಊರಿನ ಹೊಕ್ಕುಳು ಕತ್ತರಿಸಿದವಳು,
ನನ್ನದೂ.
ನೆಲದ ಹಿಕ್ಕೆಯೊಂದನ್ನು ಬೆರಳಲ್ಲಿ ಉಜ್ಜಿದಳು.
"ಇಲೀದಲ್ಲ. ಇಲೀದು ಕಲ್ಲಿನಂಗಿರುತ್ತೆ. ಇದು ನೋಡು, ಪುಡಿ."
ಪುಡಿಯಲ್ಲಿ ಏನೋ ಮಿಂಚಿತು:
ಸೊಳ್ಳೆಯ ರೆಕ್ಕೆ, ಯಾವುದೋ ಹುಳದ ಬೆನ್ನು.
ಆಮೇಲೆ ಏಣಿ ಹತ್ತಿದಳು, ಎಪ್ಪತ್ತೆಂಟರ ಮೊಣಕಾಲು,
ಸಂದಿಗೆ ಕಿವಿ ಇಟ್ಟಳು
ಬಸುರಿಯ ಹೊಟ್ಟೆಗೆ ಇಡುತ್ತಿದ್ದ ಹಾಗೇ, ಉಸಿರು ಹಿಡಿದು.

"ಮರಿ ಅವೆ ಕಣಪ್ಪಾ. ಮೊಲೆ ಕಚ್ಕೊಂಡವೆ.
ಬಾಣಂತಿ ಮನೆಗೆ ಯಾವನಾದ್ರೂ ಬೀಗ ಹಾಕ್ತಾನಾ?"

ಸಿಮೆಂಟು ಮೂಲೆಯಲ್ಲೇ ಕೂತು ಕಲ್ಲಾಯಿತು.
ನನ್ನ ಸಿಟ್ಟೂ.
ಗೊಬ್ಬರದ ಚೀಲ ಬಿಚ್ಚಿ, ಹೊಲಿದು, ಹಾಸಿಗೆ ಚಪ್ಪರ ಕಟ್ಟಿದೆ,
ಅದರಡಿ ಬೆನ್ನು ಬಗ್ಗಿಸಿ ನೇಯ್ದೆ,
ಲಾಳಿ ಒಮ್ಮೆ ಹೋದರೆ ಒಂದು ಬೈಗುಳ.
ಸಂಜೆ ಅಂಗಳದಲ್ಲಿ ಕೂತು
ಹೊರಬಂದ ಒಂದೊಂದಕ್ಕೂ ಒಂದೊಂದು ಕಡಲೆಬೀಜ ತೆಗೆದಿಟ್ಟೆ.
ಕಾರಹುಣ್ಣಿಮೆಗೆ ನಲವತ್ತೊಂದು.
ಆಷಾಢ ಕಳೆಯುವಾಗ ಅರವತ್ತು ದಾಟಿ
ಲೆಕ್ಕ ತಪ್ಪಿತು; ಮೊಮ್ಮಗಳು ಬೀಜ ತಿಂದಿದ್ದಳು.

ಹಳೆ ಮಗ್ಗದ ಹಲಗೆ ಕೂಡಿಸಿ ಒಂದು ಪೆಟ್ಟಿಗೆ ಮಾಡಿದೆ,
ತಳದಲ್ಲಿ ಎರಡೇ ಬೆರಳ ಬಾಯಿ,
ಬಾವಿಯ ಪಂಪಿನ ಮನೆಗೆ, ಎಳೆಬಿಸಿಲು ಬೀಳುವ ಕಡೆ, ಎತ್ತರದಲ್ಲಿ.
ನೋಡಿದವರಿಗೆಲ್ಲ ಹೇಳಿದ್ದು: ಜೇನಿಗೆ.

"ಈಗ," ಅಂದಳು ಕಾಟಮ್ಮಜ್ಜಿ.

ಹಳೆಯ ಸೊಳ್ಳೆಪರದೆ.
ಮೇಲಂಚೂ ಎರಡು ಮಗ್ಗುಲೂ ಗೋಡೆಗೆ ಬಿಗಿ,
ಕೆಳಗೆ ಮೊಳದುದ್ದ ಜೋಲು, ಸಡಿಲು.
ಹೋಗುವವು ಜಾರಿ ಹೊರಬೀಳಬೇಕು,
ಬರುವವಕ್ಕೆ ದಾರಿ ಸಿಗಬಾರದು.
ಮೂವತ್ತು ವರ್ಷ ನೇಯ್ದವನು ನಾನು;
ಎರಡು ಮಗ್ಗುಲಿಗೆ ಎರಡು ಮಾತಾಡುವ ಬಟ್ಟೆ
ಕಟ್ಟಿದ್ದು ಇದೇ ಮೊದಲು.

ಮೊದಲ ರಾತ್ರಿ ಪರದೆ ನಡುಗುತ್ತಲೇ ಇತ್ತು.
ನಸುಕಿಗೆ ಮರಳಿದವು ಸುತ್ತಿದವು, ಸುತ್ತಿದವು,
ಸಂದಿನ ಮುಂದೆ ತಡೆದು, ತಿರುಗಿ, ಮತ್ತೆ ತಡೆದು,
ವಿಳಾಸ ಕೇಳುವವರ ಹಾಗೆ.
ನಾನು ಒಳಗೆ ಹೋಗಿ ರೇಡಿಯೊ ಹಚ್ಚಿದೆ.

ಐದನೆಯ ರಾತ್ರಿ ಏನೂ ಹೊರಬರಲಿಲ್ಲ.
ಆರನೆಯ ಬೆಳಿಗ್ಗೆ ಏಣಿ ಹತ್ತಿ ಕಿವಿ ಇಟ್ಟೆ,
ಇಳಿದೆ,
ಮತ್ತೆ ಹತ್ತಿ ಇಟ್ಟೆ.
ಆಮೇಲೆ ಉಣ್ಣೆಯ ಚಿಂದಿ ತುರುಕಿ ಸುಣ್ಣ-ಮರಳು ಮೆತ್ತಿದೆ.

ಕಂಬಳಿಗೆ ಈಗ ಕುರಿಯದೇ ವಾಸನೆ.
ಸಣ್ಣೀರಪ್ಪ ಮೂಸಿ, ಏನೂ ಅನ್ನದೆ ದುಡ್ಡು ಎಣಿಸಿದ.
ಪೆಟ್ಟಿಗೆ ದಸರೆಯಾದರೂ ಖಾಲಿ. ಜುಂಜಣ್ಣನಿಗೆ ನಗು.
ಎಲ್ಲಿ ಹೋದವೋ. ಊರಲ್ಲಿ ಸಂದಿಗೇನು ಬರ.

ಕಾರ್ತಿಕದಲ್ಲಿ ಒಂದು ದಿನ ಪಂಪು ಹಾಕಲು ಹೋದರೆ
ಪೆಟ್ಟಿಗೆಯ ನೇರ ಕೆಳಗೆ, ಕಲ್ಲಿನ ಮೇಲೆ,
ಏಳೆಂಟು ಜೀರಿಗೆ.
ಒಂದನ್ನು ಬೆರಳಲ್ಲಿ ಉಜ್ಜಿ
ಬಿಸಿಲಿಗೆ ಹಿಡಿದೆ.