ಅರ್ಧಕ್ಕಿಂತ ಒಂದಿಷ್ಟು ಮೇಲೆ

ಅಂಬೋಆಸಾರಿ ಬಿಟ್ಟು ಮೂರು ತಾಸು, ಕೆಂಪು ಮಣ್ಣಿನ ದಾರಿ.
ಪಟ್ಟಿಯಲ್ಲಿ ಮನೆ ಸಂಖ್ಯೆ ಹದಿನೇಳು.
ಮನೆಯೆಂದರೆ ಹಲಗೆಯ ಗೋಡೆ, ಬಗ್ಗಿದರಷ್ಟೇ ಬಾಗಿಲು.
ಬಗ್ಗಿದೆ.
ಕೂರಲೆಂದು ಚಾಪೆ ಕೊಡವಿದರು.
ಕೊಡವಿದ ಧೂಳು ಕೆಳಗಿಳಿಯದೆ
ಬಿಸಿಲುಕೋಲಿನಲ್ಲಿ ನಿಂತು ಮಿನುಗಿತು.
ಕಾಗೆಬಂಗಾರ.
ಚಂದ ಕಂಡಿತು. ಚಂದ ಎಂದುಬಿಟ್ಟೆ.
ಯಾರೂ ನಗಲಿಲ್ಲ.

ತಾಯಿ ತ್ಸಿಆದಿನೊ. ಮಗಳು ವೊಲಾಸೊಆ,
ಒಳ್ಳೆಯ ಬೆಳ್ಳಿ ಎಂದು ಅರ್ಥ.
ವಯಸ್ಸು?
ಮಿಡತೆ ಬಂದ ವರ್ಷ ಹುಟ್ಟಿದ್ದು.
ಮಿಡತೆ ಎರಡು ಸಲ ಬಂದಿತ್ತಲ್ಲ, ಯಾವ ಸಲ?
ತಾಯಿ ಅತ್ತೆಯ ಮುಖ ನೋಡಿದಳು,
ಅತ್ತೆ ಬಾಗಿಲ ಕಡೆ ನೋಡಿದಳು.
ಹತ್ತು ಎಂದು ಒತ್ತಿದೆ.

ನನ್ನದು ಬೆಟ್ಟದ ಸೀಮೆಯ ಮಾತು,
ರಾಜಧಾನಿಯಲ್ಲಿ ಐದು ದಿನದ ತರಬೇತಿ,
ಊಟ, ಭತ್ಯೆ, ಕೊರಳಿಗೊಂದು ಗುರುತಿನ ಚೀಟಿ.
'ಅಪಾಯ' ಎಂಬ ಪದವನ್ನು ತಿದ್ದಿ ತಿದ್ದಿ ಕಲಿಸಿದ್ದರು.
ಇಲ್ಲಿ ಆ ಪದ ಆಡಿದರೆ
ಜನ ನನ್ನ ಬೆನ್ನ ಹಿಂದೆ ಕಣ್ಣು ಹಾಯಿಸುತ್ತಾರೆ,
ದನಗಳ್ಳರು ಬಂದರೇನೋ ಎಂದು.

ಕಳೆದ ಏಳು ದಿನಗಳಲ್ಲಿ ಮಗು ಕೆಲಸ ಮಾಡಿತೇ?
'ಕೆಲಸವೇ? ಇಲ್ಲಮ್ಮಾ. ನನ್ನ ಜೊತೆ ಬರ್ತಾಳೆ, ಅಷ್ಟೆ.'
ಒಂದು, ಹೌದು. ಎರಡು, ಇಲ್ಲ. ಎಂಟು, ಗೊತ್ತಿಲ್ಲ.
'ಅಷ್ಟೆ'ಗೆ ಅಂಕಿಯಿಲ್ಲ.
ಎರಡು ಒತ್ತಿದೆ.

ಆಮೇಲೆ ನಿಯಮದಂತೆ ಮಗುವನ್ನೂ ಕೇಳಬೇಕು,
ಆದಷ್ಟು ಏಕಾಂತದಲ್ಲಿ.
ಏಕಾಂತವೆಂದರೆ ಕಳ್ಳಿಯ ಬೇಲಿ,
ಬೇಲಿಯಾಚೆ ಆರು ಮಕ್ಕಳು, ಒಂದು ಮೇಕೆ.

ರಾತ್ರಿ ಹೊತ್ತು ಕೆಲಸ ಉಂಟೇ?
'ಗುಂಡಿಯೊಳಗಾ, ಹೊರಗಾ?'
ಒಳಗೆ.
'ಒಳಗೆ ಯಾವಾಗಲೂ ರಾತ್ರಿ ಅಲ್ವಾ?'

ಧೂಳು ಉಂಟೇ? ಇದ್ದರೆ ಏನು ಮಾಡುತ್ತೀ?
'ಉಸಿರು ಹಿಡೀತೀನಿ.'
ಎಷ್ಟು ಹೊತ್ತು?
'ಬುಟ್ಟಿ ತುಂಬೋ ತನಕ.'
ಬಾಯಿಗೆ ಬಟ್ಟೆ, ಮುಖಕ್ಕೆ ಕವಚ, ಏನೂ ಇಲ್ಲ, ಇತರೆ:
ಇತರೆ.
ವಿವರಿಸಿ ಎಂದಿತ್ತು, ಇಪ್ಪತ್ತು ಅಕ್ಷರದೊಳಗೆ.

ಭಾರ ಹೊರುವುದುಂಟೇ? ಎಷ್ಟು ಕಿಲೋ?
ಅವಳು ಗಂಭೀರವಾಗಿ ಕೇಳಿದಳು,
'ಬೆಳಗಿನ ಕಿಲೋನಾ, ಸಂಜೆ ಕಿಲೋನಾ?
ತಕ್ಕಡಿಯವನ ಕಿಲೋ ಸಂಜೆಗೆ ದೊಡ್ಡದಾಗುತ್ತೆ.'

ನಾನು ಸುಮ್ಮನಾದೆ.
ಅವಳು ಎದ್ದು ನನ್ನ ಹಿಂದೆ ಬಂದಳು,
ಕಂಕುಳ ಕೆಳಗೆ ಎರಡೂ ಕೈ ತೂರಿ
ಮೊಣಕಾಲು ಮಡಿಸಿ, ಹಲ್ಲು ಕಚ್ಚಿ
(ಎಷ್ಟು ಪಳಗಿದ ಮಡಿಕೆ ಆ ಮೊಣಕಾಲಿನದು!)
ಎತ್ತಿದಳು.
ಚಪ್ಪಲಿ ನೆಲದಲ್ಲೇ ಉಳಿಯಿತು.
ಬೇಲಿಯಾಚೆಯ ಆರೂ ಮಕ್ಕಳು ಹೋ ಎಂದವು.
ನಾನೂ ನಕ್ಕೆ, ಕಚಗುಳಿಗೋ, ನಾಚಿಕೆಗೋ.

ಇಳಿಸಿ, ಏದುಸಿರಿನಲ್ಲಿ ಲೆಕ್ಕ ಹೇಳಿದಳು,
'ನೀನು ಜಾಸ್ತಿ. ಚೀಲ ನಿನ್ನಲ್ಲಿ ಅರ್ಧ,
ಅರ್ಧಕ್ಕಿಂತ ಒಂದಿಷ್ಟು ಮೇಲೆ.
ಆದರೆ ಚೀಲ ನಗಲ್ಲ. ನಗೋದನ್ನ ಎತ್ತೋದು ಕಷ್ಟ.'

ನನ್ನ ತೂಕ ಐವತ್ತೊಂದು.
ಇಪ್ಪತ್ತೆಂಟು ಎಂದು ಒತ್ತಿದೆ.
ಯಂತ್ರ ತಕರಾರು ಮಾಡದೆ ಮುಂದಿನ ಪ್ರಶ್ನೆ ಕೊಟ್ಟಿತು.

ಕೊನೆಗೆ ಒಂದು ಸೋಪು ಕೊಟ್ಟೆವು, ಉತ್ತರಿಸಿದ್ದಕ್ಕೆ.
ಅವಳು ಅದನ್ನೂ ಅಂಗೈಯಲ್ಲಿಟ್ಟು ತೂಗಿದಳು.

ರಾತ್ರಿ ಮೇಲ್ವಿಚಾರಕ ರಾಕುತುಂದ್ರಾಸುಆನ ಸಂದೇಶ:
'ಮನೆ ಹದಿನೇಳು. ತಾಯಿ ಇಲ್ಲ ಅಂತಾಳೆ, ಮಗು ಹೌದು ಅನ್ನುತ್ತೆ.
ತಾಳೆಯಾಗುತ್ತಿಲ್ಲ. ಒಂದನ್ನು ಸರಿಪಡಿಸಿ.'
ಯಾವುದನ್ನು ಎಂದು ಕೇಳಿದೆ.
ನೆಟ್‌ವರ್ಕ್ ಹೋಯಿತು.

ದೀಪದ ಬಳಿ ಅಂಗಿ ಬಿಚ್ಚಿದರೆ
ಕಂಕುಳ ಕೆಳಗೆ, ಪಕ್ಕೆಲುಬಿನ ಮೇಲೆ,
ಎಡಕ್ಕೊಂದು ಬಲಕ್ಕೊಂದು
ಹತ್ತು ಬೆರಳೂ ಮಿನುಗುತ್ತಿದ್ದವು.
ಕೊಡವಿದೆ.
ಅದು ಕೋಣೆಯ ನಡುವೆ ಎದ್ದು ನಿಂತಿತು.
ಬಾಗಿಲು ದೂರ. ಉಸಿರು ಹಿಡಿದೆ,
ಎಣಿಸಿದೆ.
ಹತ್ತೊಂಬತ್ತಕ್ಕೆ ಬಿಟ್ಟೆ.