ಒಲೆದೇವರ ವರದಿ

ಅಲ್ಲಾಡಬೇಡಿ ಅಜ್ಜ, ಮೀಸೆ ಒರೆಸುತ್ತಿದ್ದೇನೆ.
ವರ್ಷವಿಡೀ ಒಲೆಯ ಮೇಲೆ ತೂಗಿ
ಬೆಳ್ಳುಳ್ಳಿ ಹೊಗೆ, ಸೀಗಡಿ ಹುರಿದ ಜಿಡ್ಡು,
ಕೆಂಪಗಿದ್ದವರು ಕಂದುಗಟ್ಟಿದ್ದೀರಿ.

ಇವತ್ತು ರಾತ್ರಿ ನಿಮ್ಮ ಪಯಣ.
ಸ್ವರ್ಗದ ಚಕ್ರವರ್ತಿ ಕೇಳುತ್ತಾನಂತೆ:
ಪೆನಾಂಗಿನ ಆ ಮೂರನೇ ಮಹಡಿಯಲ್ಲಿ
ಯಾರು ಹೇಗೆ ಬಾಳಿದರು?

ಅದಕ್ಕೇ ನೋಡಿ,
ಅಡುಗೆಮನೆಯ ದಾರಿಯೇ ಗೊತ್ತಿಲ್ಲದ ಟೆಕ್ ಹಾಕ್
ಸಂಜೆಗೇ ಹಾಜರು,
ಕಂಕುಳಲ್ಲಿ ಸಕ್ಕರೆಪಾಕದ ಭರಣಿ!
"ಸಂಪ್ರದಾಯ ಬಿಡಬಾರದು, ಗೈಕ್ ಚೂ" ಎನ್ನುತ್ತ
ನಿಮ್ಮ ತುಟಿಗೆ ಬಳಿದದ್ದೇ ಬಳಿದದ್ದು,
ಒಂದು ಪದರ, ಎರಡು ಪದರ, ಮೂಗಿನವರೆಗೆ.
ವರ್ಷದಲ್ಲಿ ಒಂದು ಲೋಟ ತೊಳೆದವನಲ್ಲ.
ಪಾಪ, ಹೆದರಿಕೆ ಇರುತ್ತದಲ್ಲ.

ನಾನೇನೂ ಅಡ್ಡ ಬರಲಿಲ್ಲ.
ಸಿಹಿ ತಿನ್ನಿ, ಬಾಯಿ ಅಂಟಲಿ.
ನಿಮ್ಮ ಚಿತ್ರದ ಬೆನ್ನಿಗೆ, ಪೆನ್ಸಿಲಿನಲ್ಲಿ,
ಎಲ್ಲ ಬರೆದಿಟ್ಟಿದ್ದೇನೆ, ತಾರೀಖಿನ ಸಮೇತ.
ಸುಟ್ಟರೂ ಅಕ್ಷರ ಮೇಲಕ್ಕೇ ತಾನೆ?
ಹೊಗೆ ಎಂದಾದರೂ ಕೆಳಗಿಳಿದದ್ದುಂಟೆ?

ಆಯಿತು, ಕಡ್ಡಿ ಗೀರುತ್ತಿದ್ದಾನೆ. ಹೊರಡಿ.
ಅಯ್ಯೋ, ಒಂದು ನಿಮಿಷ ತಡೆಯಿರಿ!
ಪಾಕ ಮೆತ್ತಿದ ಚಮಚ
ಸಿಂಕಿನಲ್ಲಿ ಹಾಗೇ ಬಿದ್ದಿದೆ.
ಅದನ್ನೂ ಸೇರಿಸಿಕೊಳ್ಳಿ.